ಮುದ್ದೆ, ರೊಟ್ಟಿ ತಿನ್ನುತ್ತಿದ್ದವರು ಮೂರು ಹೊತ್ತೂ ಅನ್ನಕ್ಕೆ ಬಂದಿದ್ದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಅಜ್ಜಿ ಕಾಲದಲ್ಲಿ ಅನ್ನ ಅಂದ್ರೆ ಹಬ್ಬದೂಟ, ದಿನಾ ರಾಗಿ, ಜೋಳ, ನವಣೆಯೇ ಅಂತ ಕೇಳಿದ್ದೀನಿ. ಈಗ ಮನೆಯಲ್ಲಿ ಅಕ್ಕಿ, ಗೋಧಿ ಬಿಟ್ರೆ ಬೇರೆ ಕಾಳೇ ಇಲ್ಲ. ನಮ್ಮ ಜನಕ್ಕೆ ಆ ರುಚಿ ಬೇಡವಾಯಿತಾ?

ಉತ್ತರ: ರುಚಿಯೂ ಬದಲಾಯಿತು, ಆದರೆ ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮುಂಚೆ ನೀರು ಹರಿಯುವ ದಾರಿ ಬದಲಾಯಿತು, ಸರ್ಕಾರ ಕೊಳ್ಳುವ ಕಾಳು ಬದಲಾಯಿತು, ಮನೆಯಲ್ಲಿ ಕುಟ್ಟಿ ಬೀಸುವ ಹೆಂಗಸರ ದಿನಚರಿ ಬದಲಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಡೀ ದೇಶವೇ ಸಿರಿಧಾನ್ಯ ತಿನ್ನುತ್ತಿತ್ತು ಅನ್ನುವುದು ಸರಿಯಲ್ಲ. ಕರಾವಳಿ, ಮಲೆನಾಡು, ಬಂಗಾಳದವರು ಮೊದಲಿನಿಂದಲೂ ಅನ್ನ ಉಣ್ಣುವವರು. ಪಂಜಾಬಿನಲ್ಲಿ ಗೋಧಿ ಹಳೆಯದು. ನೀವು ಕೇಳುತ್ತಿರುವ ಬದಲಾವಣೆ ದೊಡ್ಡದಾಗಿ ಆಗಿದ್ದು ಮಳೆ ನಂಬಿದ ಬಯಲುಸೀಮೆಗಳಲ್ಲಿ.

ಅಲ್ಲಿ ಅನ್ನದ ಆಸೆ ಇತ್ತು, ಅಕ್ಕಿ ಇರಲಿಲ್ಲ. ಮಂಡ್ಯವನ್ನೇ ನೋಡಿ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದಲ್ಲಿ ನಾಲೆ ನೀರು ಹೊಲ ಮುಟ್ಟಿದ ಮೇಲೆ ರಾಗಿ ಬೆಳೆಯುತ್ತಿದ್ದ ಎಷ್ಟೋ ನೆಲ ಗದ್ದೆಯಾಯಿತು, ಕಬ್ಬಿನ ತೋಟವಾಯಿತು. ನೀರು ಬಂದ ಮೇಲೂ ರಾಗಿಯನ್ನೇ ಹಾಕಿ ಅಂತ ರೈತನಿಗೆ ಹೇಳೋಕಾಗುತ್ತಾ?

ದೇಶದ ಮಟ್ಟದಲ್ಲಿ ತಿರುವು ಬಂದಿದ್ದು 1960ರ ದಶಕದಲ್ಲಿ. ಸಾಲು ಬರಗಾಲ. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬರಬೇಕಿತ್ತು. 1965ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಜನರನ್ನು ಕೇಳಿಕೊಂಡಿದ್ದರು. ಅಂಥ ಸ್ಥಿತಿಯಲ್ಲಿ ಸಚಿವ ಸಿ. ಸುಬ್ರಮಣ್ಯಂ, ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಮುಂತಾದವರು ಹೆಚ್ಚು ಇಳುವರಿ ಕೊಡುವ ಕುಳ್ಳ ಗೋಧಿ ತಳಿಗಳ ಬೆನ್ನು ಹತ್ತಿದರು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ಬಂತು. ಅದೇ ಹೊತ್ತಿಗೆ ಐಆರ್-8 ಅನ್ನುವ ಹೆಚ್ಚು ಇಳುವರಿಯ ಭತ್ತದ ತಳಿಯೂ ಬಂತು. 1960ರ ದಶಕದ ನಡುವೆ ಸುಮಾರು 1.2 ಕೋಟಿ ಟನ್ ಇದ್ದ ಗೋಧಿ ಬೆಳೆ ಈಗ 11 ಕೋಟಿ ಟನ್ ಸುತ್ತಮುತ್ತ ಇದೆ. ಹಸಿವು ತಪ್ಪಿಸಿದ ಕೆಲಸ ಅದು. ಅದನ್ನು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಆದರೆ ಬೆಲೆ ತೆತ್ತಿದ್ದು ಒಣಬೇಸಾಯ. 1965ರಲ್ಲೇ ಭಾರತ ಆಹಾರ ನಿಗಮ ಹುಟ್ಟಿತು. ಅದು ಕೊಂಡಿದ್ದು ಮುಖ್ಯವಾಗಿ ಗೋಧಿ ಮತ್ತು ಅಕ್ಕಿ. ಬೆಂಬಲ ಬೆಲೆ ಹೇಳುವುದು ಬೇರೆ, ಮೂಟೆ ಎತ್ತಿಕೊಂಡು ಹೋಗುವುದು ಬೇರೆ. ಜೋಳ, ರಾಗಿಗೆ ಬಹಳ ಕಾಲ ಎರಡನೆಯದು ಸಿಗಲೇ ಇಲ್ಲ. ನಿಗಮದ ಗೋದಾಮಿನಲ್ಲಿ ಏನಿತ್ತೋ ಅದೇ ಸೊಸೈಟಿಗೆ ಬಂತು, ಸೊಸೈಟಿಯಲ್ಲಿ ಸಿಕ್ಕಿದ್ದೇ ತಟ್ಟೆಗೆ ಬಂತು. 1970ರ ಸುಮಾರಿಗೆ ದೇಶದಲ್ಲಿ 1.8 ಕೋಟಿ ಹೆಕ್ಟೇರಿನಷ್ಟಿದ್ದ ಜೋಳದ ನೆಲ ಈಗ ಅದರ ಕಾಲುಭಾಗದ ಹತ್ತಿರಕ್ಕೆ ಇಳಿದಿದೆ. ಬರಗಾಲಕ್ಕೆ ಅಂತ ರಾಗಿ ಸುರಿದಿಡುತ್ತಿದ್ದ ಹಗೇವುಗಳೂ ಮುಚ್ಚಿಹೋದವು. ನೆಲದೊಳಗಿನ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯಿ ತೆಗೆದರೆ ತಕ್ಷಣ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಬಿಟ್ಟು, ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ತಿಂಗಳು ತಿಂಗಳು ಅಕ್ಕಿ ಸಿಗುವಾಗ ಇದೆಲ್ಲ ಯಾರಿಗೆ ಬೇಕು?

ಇನ್ನು ಹೆಂಗಸರ ವಿಷಯ. ಇದನ್ನು ಬರೆಯುವವರು ಕಡಿಮೆ, ನನಗಂತೂ ಇದೇ ಅರ್ಧ ಉತ್ತರ. ಹಾರಕ ಅನ್ನುವ ಕಿರುಧಾನ್ಯದ ಕಾಳಿಗೆ ಪದರ ಪದರವಾಗಿ ಗಟ್ಟಿ ಸಿಪ್ಪೆ. ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು, ಮೊರದಲ್ಲಿ ಕೇರಬೇಕು, ಹೊಟ್ಟು ಹಾರಿಸಿ ಮತ್ತೆ ಕುಟ್ಟಬೇಕು. ಸಾಮೆ, ನವಣೆಗೂ ಇದೇ ಗತಿ. ಇಷ್ಟೆಲ್ಲ ಆಗಬೇಕಿದ್ದದ್ದು ಹೊಲದ ಕೆಲಸ ಮುಗಿಸಿ ಬಂದ ಮೇಲೆ, ಇಲ್ಲವೇ ಕೋಳಿ ಕೂಗುವ ಮುಂಚೆ. ಭತ್ತಕ್ಕೆ ಊರ ಹತ್ತಿರವೇ ಮಿಲ್ ಬಂತು, ಕಿರುಧಾನ್ಯಗಳಿಗೆ ಬರಲಿಲ್ಲ. ಆ ಹೆಂಗಸರು ತೊಳೆದು ಒಲೆ ಮೇಲಿಟ್ಟರೆ ಸಾಕು ಅನ್ನುವ ಅಕ್ಕಿಯನ್ನು ಆರಿಸಿಕೊಂಡರೆ ಅದನ್ನು ಸೋಮಾರಿತನ ಅನ್ನುವುದು ಅನ್ಯಾಯ.

ರಾಗಿ ಉಳಿದುಕೊಂಡದ್ದಕ್ಕೂ ಇಲ್ಲೇ ಒಂದು ಕಾರಣವಿದೆ. ಅದಕ್ಕೆ ಅಂಥ ಗಟ್ಟಿ ಸಿಪ್ಪೆ ಇಲ್ಲ. ಹಾಗೇ ಬೀಸಬಹುದು. ಹಿಟ್ಟಿನ ಗಿರಣಿ ಬಂದಾಗ ಬೀಸುಕಲ್ಲಿನ ಕೆಲಸ ತಪ್ಪಿತು, ಮುದ್ದೆ ತಪ್ಪಲಿಲ್ಲ. ಇನ್ನೊಂದು ಕಾರಣ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದ, ಜನ ರಾಗಿ ಬ್ರಹ್ಮ ಅಂತಲೇ ಕರೆದ ಲಕ್ಷ್ಮಣಯ್ಯನವರು. ನಮ್ಮ ರಾಗಿಯನ್ನು ಆಫ್ರಿಕಾದ ತಳಿಗಳ ಜೊತೆ ಕೂಡಿಸಿ ಅವರು ತಂದ ಇಂಡಾಫ್ ತಳಿಗಳಿಂದ ಇಳುವರಿ ಏರಿತು. ಹಾಗಾಗಿ ರಾಗಿಯ ನೆಲ ಕುಗ್ಗಿದರೂ ಬೆಳೆ ಅಷ್ಟೊಂದು ಕುಸಿಯಲಿಲ್ಲ. ಇವತ್ತಿಗೂ ದೇಶದ ಅರ್ಧಕ್ಕಿಂತ ಜಾಸ್ತಿ ರಾಗಿ ಕರ್ನಾಟಕದ್ದೇ.

ಹಾಗಾದರೆ ಹಳೆಯ ಊಟ ವಾಪಸ್ ಬರುತ್ತಾ? 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷವಾಗಿತ್ತು. ಪೇಟೆಯ ಅಂಗಡಿಗಳಲ್ಲಿ ಪ್ಯಾಕೆಟ್ಟುಗಳು ತುಂಬಿದವು. ನನಗೆ ಅದಕ್ಕಿಂತ ನಂಬಿಕೆ ಬರುವುದು ಬೇರೆ ಎರಡು ಸಂಗತಿಗಳಿಂದ. ಕರ್ನಾಟಕ ಸರ್ಕಾರ ರೈತರಿಂದ ರಾಗಿ, ಜೋಳ ಕೊಂಡು ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರಕ್ಕೆ ಜೋಳ ಕೊಟ್ಟಿದೆ. ಜೊತೆಗೆ 2025–26ಕ್ಕೆ ಕ್ವಿಂಟಲ್ ರಾಗಿಗೆ 4,886 ರೂಪಾಯಿ ಬೆಂಬಲ ಬೆಲೆ ಇದೆ, ಸಾಮಾನ್ಯ ಭತ್ತಕ್ಕೆ 2,369. ನವಣೆ, ಸಾಮೆ, ಹಾರಕಕ್ಕೆ ಮಾತ್ರ ಇಷ್ಟು ಸಾಲದು. ಸಿಪ್ಪೆ ಸುಲಿಯುವ ಮಿಲ್ ಹೋಬಳಿಗೊಂದಾದರೂ ಬೇಕು. ಅಲ್ಲಿಯವರೆಗೆ ಅವು ಬೆಳೆದವರ ಮನೆಗಿಂತ ಮೊದಲು ಪೇಟೆಯ ಮನೆಗಳಿಗೇ ಹೋಗುತ್ತವೆ.