ಮಣಿಕಟ್ಟು ಮುರಿದಾಗ ಮೂಳೆಯ ಸುತ್ತಮುತ್ತ ಏನಾಗುತ್ತದೆ?

ಕಾಲು ಜಾರಿದರೆ ಯಾರೇ ಆದರೂ ಅಂಗೈ ಊರಿಯೇ ಬೀಳುವುದು. ಮೈಭಾರವೆಲ್ಲ ಮಣಿಕಟ್ಟಿಗೆ ಬರುತ್ತದೆ. ವಯಸ್ಸಾದ ಹೆಂಗಸರಲ್ಲಿ ಮೂಳೆ ಮೊದಲೇ ಸವೆದಿರುತ್ತದೆ, ಹಾಗಾಗಿ ರೇಡಿಯಸ್ ಮೂಳೆಯ (ಮುಂಗೈಯಲ್ಲಿ ಹೆಬ್ಬೆರಳ ಕಡೆ ಇರುವ ಮೂಳೆ) ಕೆಳತುದಿ ಮುರಿದು ಹಿಂದಕ್ಕೆ ಸರಿಯುತ್ತದೆ. ಇದೇ ಕಾಲೀಸ್ ಫ್ರ್ಯಾಕ್ಚರ್. ಡಬ್ಲಿನ್‌ನ ಸರ್ಜನ್ ಏಬ್ರಹಾಂ ಕಾಲೀಸ್ ಇದನ್ನು ವಿವರಿಸಿದ್ದು 1814ರಲ್ಲಿ. ಎಕ್ಸ್-ರೇ ಬಂದದ್ದು 1895ರಲ್ಲಿ. ಅಂದರೆ ಕಣ್ಣು, ಕೈ ಎರಡನ್ನೇ ನಂಬಿ ಬರೆದದ್ದು.

ನಾವು ಡಾಕ್ಟರುಗಳೋ, ಎಕ್ಸ್-ರೇ ಫಿಲ್ಮ್ ನೋಡಿ ‘ಡಿನ್ನರ್ ಫೋರ್ಕ್ ಡಿಫಾರ್ಮಿಟಿ’ (ಊಟದ ಫೋರ್ಕಿನಂತೆ ಬಾಗಿದ ಆಕಾರ) ಅಂದು ಮುಂದಿನ ಪೇಶೆಂಟ್ ಹತ್ತಿರ ಹೋಗಿಬಿಡುತ್ತೇವೆ. ಫಿಲ್ಮ್‌ನಲ್ಲಿ ಕಾಣುವುದು ಮೂಳೆ ಮಾತ್ರ ಅಲ್ವಾ? ನರ, ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ), ರಕ್ತನಾಳ ಯಾವುದೂ ಕಾಣುವುದಿಲ್ಲ. ಮುಂದೆ ಕೈ ಕೆಲಸಕ್ಕೆ ಬರುತ್ತದೋ ಇಲ್ಲವೋ ಎನ್ನುವುದು ಬಹಳಷ್ಟು ಸಲ ಅವುಗಳ ಮೇಲೆ ನಿಂತಿರುತ್ತದೆ.

ಮೊದಲು ಮೀಡಿಯನ್ ನರ. ಇದು ರೇಡಿಯಸ್‌ನ ಮುಂಭಾಗದಲ್ಲೇ, ಅಂದರೆ ಅಂಗೈ ಕಡೆ, ಹಾದು ಮಣಿಕಟ್ಟಿನ ಇಕ್ಕಟ್ಟಾದ ಸುರಂಗ ಕಾರ್ಪಲ್ ಟನಲ್ ಸೇರುತ್ತದೆ. ಮುರಿದ ಮೂಳೆಯ ಅಂಚು ಒತ್ತಬಹುದು, ಸುತ್ತ ತುಂಬಿದ ರಕ್ತವೂ ಒತ್ತಬಹುದು. ತೋರುಬೆರಳಿನ ತುದಿ ಮುಟ್ಟಿ, ಕಿರುಬೆರಳಿನ ತುದಿ ಮುಟ್ಟಿ, ಎರಡೂ ಒಂದೇ ಥರ ಗೊತ್ತಾಗುತ್ತದಾ ಅಂತ ಕೇಳಿ. ಕಿರುಬೆರಳು ಅಲ್ನಾರ್ ನರದ್ದು, ಆದ್ದರಿಂದ ಹೋಲಿಕೆಗೆ ಒಳ್ಳೆಯದು. ಮೂಳೆ ಕೂರಿಸುವ ಮೊದಲು ಒಮ್ಮೆ, ಕೂರಿಸಿದ ಮೇಲೆ ಒಮ್ಮೆ ನೋಡಿ, ಕೇಸ್‌ಶೀಟ್‌ನಲ್ಲಿ ಬರೆಯಿರಿ. ಕೂರಿಸಿದ ಮೇಲೂ ಜೋಮು ಏರುತ್ತಾ ಹೋದರೆ ಕಾಯಬಾರದು, ಆಪರೇಶನ್ ಮಾಡಿ ಟನಲ್ ಬಿಡಿಸಬೇಕಾಗಬಹುದು. ಪ್ಲಾಸ್ಟರ್‌ನಲ್ಲಿ ಮಣಿಕಟ್ಟನ್ನು ಅತಿಯಾಗಿ ಕೆಳಕ್ಕೆ ಬಗ್ಗಿಸಿದರೂ ಟನಲ್ ಒಳಗಿನ ಒತ್ತಡ ಏರುತ್ತದೆ.

ಪ್ಲಾಸ್ಟರ್ ಅಂದಮೇಲೆ ಊತದ ಮಾತು. ಮೊದಲ ಒಂದೆರಡು ದಿನ ಊತ ಜಾಸ್ತಿ, ಅದಕ್ಕೇ ಸಾಮಾನ್ಯವಾಗಿ ಸ್ಲ್ಯಾಬ್ (ಸುತ್ತಲೂ ಮುಚ್ಚದ ಅರ್ಧ ಪ್ಲಾಸ್ಟರ್) ಹಾಕುವುದು. ನೋವು ಏರುತ್ತಲೇ ಇದ್ದರೆ, ಬೆರಳನ್ನು ನಾವು ಮೆಲ್ಲಗೆ ನೆಟ್ಟಗೆ ಮಾಡಿದರೆ ಕಿರುಚುವಷ್ಟು ನೋವಾದರೆ, ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಊತದ ಒತ್ತಡಕ್ಕೆ ಸ್ನಾಯುಗಳಿಗೆ ರಕ್ತ ಸಿಗದಿರುವುದು) ನೆನಪಾಗಬೇಕು. ನಾಡಿ ಸಿಗುತ್ತಿದೆ ಅಂತ ಸಮಾಧಾನಪಟ್ಟುಕೊಳ್ಳಬೇಡಿ, ಇದರಲ್ಲಿ ನಾಡಿ ಕೊನೆಯವರೆಗೂ ಸಿಗಬಹುದು. ಪ್ಲಾಸ್ಟರ್ ಜೊತೆ ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಸೀಳಬೇಕು. ನಾಟಿ ವೈದ್ಯರ ಬಿದಿರು ಪಟ್ಟಿ ಕಟ್ಟಿಸಿಕೊಂಡು ಬಂದವರಲ್ಲೂ ಇದೇ ಭಯ. ಬಿಗಿ ಹೆಚ್ಚಾಗಿ ಬೆರಳು ಕಪ್ಪಾದರೆ ಮೂಳೆಯ ಮಾತು ಆಮೇಲೆ.

ನನಗೆ ತುಂಬಾ ಕುತೂಹಲ ಹುಟ್ಟಿಸುವುದು ಹೆಬ್ಬೆರಳನ್ನು ಮೇಲೆತ್ತುವ ಟೆಂಡನ್, ಎಕ್ಸ್‌ಟೆನ್ಸರ್ ಪಾಲಿಸಿಸ್ ಲಾಂಗಸ್. ರೇಡಿಯಸ್‌ನ ಹಿಂಬದಿಯಲ್ಲಿರುವ ಲಿಸ್ಟರ್ ಎಂಬ ಮೂಳೆಯ ಗುಬುಟನ್ನು ಬಳಸಿಕೊಂಡು ಇದು ಹೆಬ್ಬೆರಳ ಕಡೆ ತಿರುಗುತ್ತದೆ. ಫ್ರ್ಯಾಕ್ಚರ್ ಆಗಿ ಕೆಲವು ವಾರ ಕಳೆದ ಮೇಲೆ, ಎಲ್ಲ ಸರಿಹೋಯಿತು ಅನ್ನುವಾಗ, ಕೆಲವರಲ್ಲಿ ಸುಮ್ನೆ ಕಡಿದುಹೋಗುತ್ತದೆ. ಅದೂ ಹೆಚ್ಚಾಗಿ ಮೂಳೆ ಅಷ್ಟೇನೂ ಸರಿಯದ, ನಾವು ಹಗುರವಾಗಿ ತೆಗೆದುಕೊಂಡ ಕೇಸಿನಲ್ಲಿ! ಅಲ್ಲಿ ಟೆಂಡನ್‌ನ ಹೊದಿಕೆ ಹರಿದಿರುವುದಿಲ್ಲ. ರಕ್ತ ಒಳಗೇ ಕಟ್ಟಿಕೊಂಡು ಟೆಂಡನ್‌ಗೆ ಪೋಷಣೆ ತಪ್ಪುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿಸಿ, ಹೆಬ್ಬೆರಳು ಮಾತ್ರ ಮೇಲೆತ್ತಿ ಅನ್ನಿ. ಏಳದಿದ್ದರೆ ಟೆಂಡನ್ ಹೋಗಿದೆ ಅಂತ ಅನುಮಾನಿಸಿ. ಸವೆದ ತುದಿಗಳನ್ನು ನೇರವಾಗಿ ಹೊಲಿಯುವುದು ಕಷ್ಟ, ಆದ್ದರಿಂದ ತೋರುಬೆರಳಿಗಿರುವ ಎರಡು ಎಕ್ಸ್‌ಟೆನ್ಸರ್‌ಗಳಲ್ಲಿ (ಬೆರಳನ್ನು ನೆಟ್ಟಗೆ ಮಾಡುವ ಟೆಂಡನ್‌ಗಳು) ಒಂದನ್ನು ತಂದು ಜೋಡಿಸುತ್ತಾರೆ.

ಗಾಯಕ್ಕೆ ಮೀರಿದ ಉರಿನೋವು, ಊತ, ಮಿರುಗುವ ಚರ್ಮ, ಬೆವರು, ಪೆಡಸು ಬೆರಳು ಇವೆಲ್ಲ ಒಟ್ಟಿಗೆ ಕಂಡರೆ ಸಿಆರ್‌ಪಿಎಸ್ (ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್) ಅಂತ ಅನುಮಾನಿಸಿ. ಬೆರಳು, ಮೊಣಕೈ, ಭುಜ ಮೊದಲ ದಿನದಿಂದಲೇ ಆಡಿಸಲು ಹೇಳುವುದು ಕೈ ಪೆಡಸಾಗದಿರಲಿ ಅಂತ.

ಬೈಕಿನಿಂದ ಬಿದ್ದ ಹುಡುಗರಲ್ಲಿ ಮಾತ್ರ ಲೆಕ್ಕ ಬೇರೆ, ಅಲ್ಲಿ ಮಣಿಕಟ್ಟಿನ ಪುಟ್ಟ ಮೂಳೆ ಸ್ಕೇಫಾಯ್ಡ್ ಮುರಿದಿದೆಯೇ ನೋಡಬೇಕು. ಹೆಬ್ಬೆರಳ ಬುಡದ ಸ್ನಫ್‌ಬಾಕ್ಸ್ ಗುಳಿಯನ್ನು ಒತ್ತಿದರೆ ನೋವು, ಮೊದಲ ಎಕ್ಸ್-ರೇ ಮಾತ್ರ ನಾರ್ಮಲ್ ಇರಬಹುದು. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತದೆ, ನಡುವೆ ಮುರಿದರೆ ಮೊಣಕೈ ಕಡೆಯ ತುಂಡು ರಕ್ತವಿಲ್ಲದೆ ಸಾಯಬಹುದು. ಅನುಮಾನವಿದ್ದರೆ ಮಣಿಕಟ್ಟನ್ನು ಅಲ್ಲಾಡದಂತೆ ಕಟ್ಟಿ, 10–14 ದಿನ ಬಿಟ್ಟು ಮತ್ತೆ ಎಕ್ಸ್-ರೇ ತೆಗೆಸಿ. ಎಂಆರ್‌ಐ ಸಿಕ್ಕರೆ ಅಷ್ಟು ಕಾಯಬೇಕಿಲ್ಲ.