ಹಿರಿಯರೇ ಹಿರಿಯರನ್ನು ನೋಡಿಕೊಳ್ಳುವಾಗ: ಹೊರೆ ಬೇರೆ, ಜೀವನ ಗುಣಮಟ್ಟ ಬೇರೆ

ಸಂಬಳವಿಲ್ಲದೆ ಮನೆಯವರನ್ನೋ ಅಕ್ಕಪಕ್ಕದವರನ್ನೋ ನೋಡಿಕೊಳ್ಳುವವರನ್ನು ನಮ್ಮ ಪಠ್ಯ 'ಅನೌಪಚಾರಿಕ ಆರೈಕೆದಾರರು' ಅನ್ನುತ್ತದೆ. ಬೆಂಗಳೂರಿನ ಹನುಮಂತನಗರದ ನಮ್ಮಜ್ಜಿಗೆ ಈ ಪದ ಗೊತ್ತಿಲ್ಲ. 'ನಿಮ್ ತಾತನ್ನ ನೋಡ್ಕೊಳ್ತಾ ಇದೀನಿ, ಅಷ್ಟೇ' ಅಂತಾರೆ. ಅಜ್ಜಿಗೆ 72. ಲಕ್ವ ಹೊಡೆದು ತಾತ ಹಾಸಿಗೆ ಹಿಡಿದಿದ್ದಾರೆ.

ಎರಡು ಪ್ರಶ್ನಾವಳಿ ನೆನಪಿಟ್ಟುಕೊಳ್ಳಿ. ಜೀವನ ಗುಣಮಟ್ಟ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒಕ್ಯುಒಎಲ್-ಬ್ರೆಫ್‌ನಲ್ಲಿ 26 ಪ್ರಶ್ನೆಗಳಿವೆ. ದೇಹ, ಮನಸ್ಸು, ಸಂಬಂಧ, ಪರಿಸರ ಎಂದು ನಾಲ್ಕು ಭಾಗ. ಕಳೆದ ಎರಡು ವಾರ ಹೇಗಿತ್ತು ಎಂದು ಕೇಳುತ್ತದೆ. ಜಾರಿಟ್ ಮಾಪನದಲ್ಲಿ 22 ಪ್ರಶ್ನೆ, ಒಂದೊಂದಕ್ಕೂ 0ರಿಂದ 4 ಅಂಕ, ಒಟ್ಟು 88. ಇದು ಅಳೆಯುವುದು ಆರೈಕೆಯ ಹೊರೆಯನ್ನು ಮಾತ್ರ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಇವೆರಡನ್ನೂ ಕಲಸಬೇಡಿ.

ವ್ಯತ್ಯಾಸ ನನಗೆ ಅರ್ಥವಾಗಿದ್ದು ಅಜ್ಜಿಯನ್ನು ಕೂರಿಸಿಕೊಂಡು ಕೇಳಿದಾಗ. ಹೊರೆ ಅನ್ಸತ್ತಾ ಅಜ್ಜಿ ಅಂದೆ. 'ಕಟ್ಕೊಂಡ ಗಂಡನ್ನ ಹೊರೆ ಅಂತಾರಾ? ಬಿಡ್ತು ಅನ್ನು' ಅಂದರು. ಅಲ್ಲಿ ಸೊನ್ನೆ ಬಿತ್ತು. ನಿದ್ದೆ ಹೇಗಿದೆ ಅಂದೆ. 'ಎಲ್ಲಿಯ ನಿದ್ದೆ? ಬೆನ್ನು ಹುಣ್ಣಾಗತ್ತಲ್ವಾ, ಎರಡೆರಡು ಗಂಟೆಗೆ ಎದ್ದು ಹೊರಳಿಸ್ಬೇಕು.' ತಾತನ ಮಾತ್ರೆಗಳು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಡಬ್ಬಿಯಲ್ಲಿ ನೀಟಾಗಿ ಜೋಡಿಸಿದ್ದವು. ಅಜ್ಜಿಯ ಬಿಪಿ ಮಾತ್ರೆಯ ಶೀಟು ಫ್ರಿಜ್ ಮೇಲಿತ್ತು. ತಂದು ಎರಡು ವಾರವಾದರೂ ಹತ್ತರಲ್ಲಿ ಏಳು ಹಾಗೇ ಇದ್ದವು.

ಹಾಗಾಗಿ ಹೊರೆಯ ಅಂಕ ಕಡಿಮೆ ಬಂತು ಅಂತ ಸುಮ್ನೆ ಮುಂದೆ ಹೋಗಬೇಡಿ. ನಮ್ಮಲ್ಲಿ ಆ ಪದಕ್ಕೆ ಹೂಂ ಅನ್ನುವುದೇ ತಪ್ಪು ಅನ್ನಿಸುತ್ತದೆ. ನಿದ್ದೆ, ಊಟ, ಅವರದೇ ಮಾತ್ರೆಗಳ ಬಗ್ಗೆ ಕೇಳಿ. ಮನೆಯಿಂದ ಹೊರಗೆ ಹೋಗಿ ಎಷ್ಟು ದಿನವಾಯಿತು ಎಂದೂ ಕೇಳಿ. ಅಜ್ಜಿ ಸಂಜೆ ರಾಮಾಂಜನೇಯ ಗುಡ್ಡದಲ್ಲಿ ಗೆಳತಿಯರ ಜೊತೆ ಕೂರುತ್ತಿದ್ದರು. ಅದು ನಿಂತೇ ಹೋಗಿದೆ.

ಅಮೆರಿಕದ ಷುಲ್ಜ್ ಮತ್ತು ಬೀಚ್ ಅವರ 1999ರ ಅಧ್ಯಯನ ಇಲ್ಲಿ ತುಂಬಾ ಮುಖ್ಯ. ಅದರಲ್ಲಿದ್ದವರು 66ರಿಂದ 96 ವರ್ಷದ ಗಂಡ-ಹೆಂಡಿರು. ಸಂಗಾತಿಯನ್ನು ನೋಡಿಕೊಳ್ಳುತ್ತಾ ಒತ್ತಡ ಅನುಭವಿಸುತ್ತಿದ್ದವರಿಗೆ ನಾಲ್ಕು ವರ್ಷಗಳಲ್ಲಿ ಸಾವಿನ ಅಪಾಯ, ಆರೈಕೆ ಮಾಡದವರಿಗಿಂತ ಶೇ 63ರಷ್ಟು ಜಾಸ್ತಿ ಇತ್ತು. ಒತ್ತಡವಿಲ್ಲದೆ ನೋಡಿಕೊಳ್ಳುತ್ತಿದ್ದವರಲ್ಲಿ ಹಾಗೆ ಕಾಣಲಿಲ್ಲ. ಅಂದರೆ ಆರೈಕೆಯೇ ಕೆಟ್ಟದ್ದಲ್ಲ. ತಾತ ತಾವಾಗೇ ಒಂದು ತುತ್ತು ತಿಂದ ದಿನ ಅಜ್ಜಿಯ ಮುಖ ನೋಡಬೇಕು!

ಇಂಥವರಿಗೆ ಕೊಡುವ ಬಿಡುವೂ ಪಾಠದಲ್ಲಿ ಬರುತ್ತದೆ. ಈಗ ಭಾನುವಾರ ಸಂಜೆ ತಾತನ ಹತ್ತಿರ ನಾನಿರುತ್ತೇನೆ. ಮೊದಲ ವಾರ ಅಜ್ಜಿ ಅರ್ಧ ಗಂಟೆಗೇ ವಾಪಸ್ ಬಂದರು. ಮೊನ್ನೆ ಬಂದಾಗ ಬೀದಿದೀಪ ಹತ್ತಿತ್ತು.