ಲಿನಿಯಮೆಂಟ್: ನೆಲದ ಮೇಲಿನ ನೇರ ಗೆರೆಗಳು

ಬೆಟ್ಟದ ಅಂಚು, ಹಳ್ಳದ ಪಾತ್ರ, ಮರಗಳ ಸಾಲು ಇವೆಲ್ಲ ಒಂದೇ ನೇರಕ್ಕೆ ಬಂದು ಹತ್ತಾರು ಕಿಲೋಮೀಟರ್ ಹಾಗೇ ಸಾಗಿದರೆ ಆ ಗೆರೆಗೆ ಭೂವಿಜ್ಞಾನಿಗಳು ಲಿನಿಯಮೆಂಟ್ ಎನ್ನುತ್ತಾರೆ. 1904ರಲ್ಲಿ ಈ ಪದವನ್ನು ಬಳಕೆಗೆ ತಂದ ಅಮೆರಿಕದ ವಿಲಿಯಂ ಹಾಬ್ಸ್ ಅವರಿಗೆ ಉಪಗ್ರಹವೂ ಇರಲಿಲ್ಲ, ವಿಮಾನದ ಫೋಟೋವೂ ಇರಲಿಲ್ಲ. ಅಟ್ಲಾಂಟಿಕ್ ಕರಾವಳಿಯ ನಕ್ಷೆಗಳಲ್ಲೇ ಅವರು ಇಂಥ ಗೆರೆಗಳನ್ನು ಗುರುತಿಸಿದ್ದರು. 1972ರಲ್ಲಿ ನೆಲದ ಚಿತ್ರ ತೆಗೆಯುವ ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್ ಬಂದಿತು. 185 ಕಿ.ಮೀ. ಅಗಲದ ನೆಲ ಒಂದೇ ಚಿತ್ರದಲ್ಲಿ ಸಿಗತೊಡಗಿದ ಮೇಲೆ ಗೆರೆಗಳ ಸುಗ್ಗಿಯೇ ಶುರುವಾಯಿತು.

ನೀರು ತಾನಾಗಿ ನೆಟ್ಟಗೆ ಹರಿಯುವುದು ಅಪರೂಪ. ನೆಟ್ಟಗೆ ಬಂದ ಹಳ್ಳ ತಟಕ್ಕನೆ ಅಡ್ಡ ತಿರುಗಿತೆಂದರೆ ಅಡಿಯ ಬಂಡೆ ಸೀಳಿರಬಹುದೆಂಬ ಗುಮಾನಿ ಹುಟ್ಟುತ್ತದೆ. ಸೀಳಿನಗುಂಟ ಕಲ್ಲು ಬೇಗ ಶಿಥಿಲವಾಗಿ, ತೇವ ನಿಂತು, ಗಿಡಮರ ಹುಲುಸಾಗುತ್ತವೆ. ಅತಿಗೆಂಪು ಕಿರಣದ ಮಾಹಿತಿ ಸೇರಿಸಿ ಬಣ್ಣ ಕೊಟ್ಟ ಚಿತ್ರದಲ್ಲಿ ಆ ಹಸಿರು ಕೆಂಪು ಪಟ್ಟಿಯಾಗಿ ಕಾಣುತ್ತದೆ.

ಆದರೆ ಕಂಡ ಗೆರೆಗಳೆಲ್ಲ ಸ್ತರಭಂಗವಲ್ಲ. ಎರಡು ಬದಿಯ ಬಂಡೆ ಒಂದಕ್ಕೊಂದು ಸರಿದಿದ್ದರೆ ಮಾತ್ರ ಅದು ಸ್ತರಭಂಗ. ಹಳೆಯ ಕಾಲುವೆ, ವಿದ್ಯುತ್ ತಂತಿಗಾಗಿ ಕಾಡು ಕಡಿದ ದಾರಿ ಕೂಡ ಮೇಲಿನಿಂದ ಗೆರೆಯೇ. ಬಿಸಿಲೂ ಮೋಸ ಮಾಡುತ್ತದೆ. ಇಂಥ ಉಪಗ್ರಹಗಳು ಸಾಮಾನ್ಯವಾಗಿ ಬೆಳಗಿನ ಹತ್ತು ಹತ್ತೂವರೆ ಹೊತ್ತಿಗೆ ಹಾಯುತ್ತವೆ. ಚಳಿಗಾಲದಲ್ಲಿ ಆಗ ನಮ್ಮಲ್ಲಿ ಸೂರ್ಯ ಆಗ್ನೇಯದಲ್ಲಿರುತ್ತಾನೆ. ಈಶಾನ್ಯ–ನೈಋತ್ಯ ದಿಕ್ಕಿನ ದಿಣ್ಣೆಗಳ ನೆರಳು ಚೆನ್ನಾಗಿ ಬೀಳುತ್ತದೆ, ಬಿಸಿಲಿನ ದಿಕ್ಕಿಗೇ ಮಲಗಿದವು ಮರೆಯಾಗುತ್ತವೆ. ಅದಕ್ಕೇ ಈಗ ನೆಲದ ಎತ್ತರದ ಮಾಹಿತಿಯನ್ನು ಕಂಪ್ಯೂಟರಿಗೆ ಹಾಕಿ, ನಕಲಿ ಸೂರ್ಯನನ್ನು ನಾಲ್ಕೂ ಕಡೆ ತಿರುಗಿಸಿ ನೋಡುತ್ತಾರೆ. ಇಷ್ಟಾದರೂ ಒಂದೇ ಚಿತ್ರಕ್ಕೆ ಇಬ್ಬರು ಕೂತರೆ ಇಬ್ಬರ ಗೆರೆಗಳೂ ಬೇರೆಬೇರೆ! ಎಲ್ಲೆಲ್ಲೂ ಗೆರೆ ಎಳೆಯುವ ಈ ಚಟವನ್ನು ಡೊನಾಲ್ಡ್ ವೈಸ್ ಎಂಬ ಭೂವಿಜ್ಞಾನಿ 1982ರಲ್ಲೇ ಲೇವಡಿ ಮಾಡಿದ್ದರು.

ತೀರ್ಮಾನ ಆಗುವುದು ಕ್ಷೇತ್ರಕಾರ್ಯದಲ್ಲಿ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದ ಭೂವಿಜ್ಞಾನಿ ಕೆ. ಎಸ್. ವಾಲ್ಡಿಯಾ ಶಿವನಸಮುದ್ರದ ಸುತ್ತ ನದಿಗಳ ನಡೆ, ದಿಬ್ಬಗಳ ಕಡಿದಾದ ಮುಖ ಇವನ್ನೆಲ್ಲ ನೋಡಿ, ಭೂವೈಜ್ಞಾನಿಕ ಲೆಕ್ಕದಲ್ಲಿ ತೀರ ಇತ್ತೀಚೆಗೂ ಅಲ್ಲಿನ ಸ್ತರಭಂಗಗಳು ಅಲುಗಿವೆ ಎಂದು ವಾದಿಸಿದ್ದರು.

ಬೋರ್‌ವೆಲ್ ಪಾಯಿಂಟ್ ತೋರಿಸುವ ಭೂವಿಜ್ಞಾನಿಗಳಿಗಂತೂ ಎರಡು ಲಿನಿಯಮೆಂಟ್ ಕೂಡುವ ಜಾಗವೆಂದರೆ ಬಲು ಇಷ್ಟ: ಬಿರುಕು ಹೆಚ್ಚಿದಷ್ಟೂ ನೀರಿನ ಆಸೆ ಹೆಚ್ಚು. ಅಲ್ಲೂ ಎಚ್ಚರ ಬೇಕು. ಆ ಗೆರೆ ಗಟ್ಟಿ ಡಾಲರೈಟ್ ಡೈಕ್ (ಬಿರುಕಿನೊಳಗೆ ಶಿಲಾಪಾಕ ನುಗ್ಗಿ ಹೆಪ್ಪುಗಟ್ಟಿದ ಕಪ್ಪು ಕಲ್ಲಿನ ಪಟ್ಟಿ) ಆಗಿದ್ದರೆ ಅದು ನೆಲದೊಳಗಿನ ಅಡ್ಡಗೋಡೆ. ನೀರು ಮೇಲ್ಬದಿಯಲ್ಲಿ ತಡೆದು ನಿಂತಿದ್ದು, ಕೆಳಬದಿಯಲ್ಲಿ ಕೊರೆದವರಿಗೆ ಬರೀ ಧೂಳೇ ಸಿಗಬಹುದು.